ನಿಂತುಹೋದ ಓಪನ್ ಸೋರ್ಸ್ ಲೈಬ್ರರಿಯನ್ನು ಮತ್ತೆ ನಡೆಸಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಇಂಥ ಮಳೆ ಪುಸ್ತಕದ ಅಂಕಿಗಳನ್ನು ಓದಿ ತಿಂಗಳ, ವರ್ಷದ ಮೊತ್ತ ತೆಗೆದುಕೊಡುವ ಸಣ್ಣದೊಂದು ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಎತ್ತಿ ಬಳಸುವ ಸಿದ್ಧ ಕೋಡ್) ಇದೆ ಎಂದಿಟ್ಟುಕೊಳ್ಳಿ. ಬರೆದವರು ಕೈಬಿಟ್ಟು ಐದಾರು ವರ್ಷವಾಗಿದೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ‘ಆರ್ಕೈವ್’ (ಓದಲು ಮಾತ್ರ) ಎಂಬ ಪಟ್ಟಿ ಬಿದ್ದಿದೆ, ಬಳಸುವವರು ಮಾತ್ರ ಇನ್ನೂ ಇದ್ದಾರೆ. ಉದಾಹರಣೆ ಬೇಕಾದಲ್ಲೆಲ್ಲ ಈ ಕಾಲ್ಪನಿಕ ಲೈಬ್ರರಿಯನ್ನೇ ಹಿಡಿದಿದ್ದೇವೆ. ಮಡಿಕೇರಿ, ಕುಶಾಲನಗರ, ಪೊನ್ನಂಪೇಟೆ ಕಡೆ ಕಾಲೇಜಿನಲ್ಲಿರುವವರು, ತೋಟದ ಮನೆಯಿಂದಲೇ ಐಟಿ ಕೆಲಸ ಮಾಡುವವರು ಇಂಥದ್ದಕ್ಕೆ ಕೈಹಾಕುವ ಮುನ್ನ ಓದಿಕೊಂಡರೆ ಅನುಕೂಲ.

ಮೂರು ವರ್ಷದಿಂದ ಒಂದೂ ಕಮಿಟ್ (ಕೋಡಿನಲ್ಲಿ ದಾಖಲಾದ ಬದಲಾವಣೆ) ಇಲ್ಲ. ಲೈಬ್ರರಿ ನಿಂತುಹೋಗಿದೆ ಅನ್ನಬಹುದೇ?

ಅಷ್ಟರಿಂದಲೇ ಹೇಳಲಾಗದು. ಕೆಲವು ಲೈಬ್ರರಿಗಳ ಕೆಲಸ ಮುಗಿದಿರುತ್ತದೆ, ಸುಮ್ಮನಿರುವುದೇ ಅವಕ್ಕೆ ಕ್ಷೇಮ. ಇವತ್ತಿನ ಪೈಥಾನಿನಲ್ಲಿ ಅದು ಇನ್‌ಸ್ಟಾಲ್ ಆಗಿ ಅದರದೇ ಟೆಸ್ಟುಗಳು ಪಾಸಾಗುತ್ತವೆಯೇ, ಭದ್ರತೆಯ ಬಗ್ಗೆ ಬಂದ ದೂರಿಗೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ ಎಂದು ನೋಡಿ. ಎರಡಕ್ಕೂ ಹೌದು ಎಂದಾದರೆ ನೀವು ಮಾಡಬೇಕಾದ್ದು ಏನೂ ಇಲ್ಲ. ಬಳಸಿಕೊಂಡು ಹೋಗಿ.

ಹಳೆಯ ಮೇಂಟೇನರಿಗೆ (ಲೈಬ್ರರಿ ನೋಡಿಕೊಳ್ಳುತ್ತಿದ್ದವರಿಗೆ) ಏನೆಂದು ಬರೆಯುವುದು?

ಆರ್ಕೈವ್ ಆದ ರೆಪೊಸಿಟರಿಯಲ್ಲಿ (ಕೋಡಿನ ಕಣಜದಲ್ಲಿ) ಹೊಸ ಇಶ್ಯೂ, ಅಂದರೆ ದೂರು ಅಥವಾ ಕೋರಿಕೆ, ತೆರೆಯಲು ಬರುವುದಿಲ್ಲ. ಹಾಗಾಗಿ ಇಮೇಲ್ ವಿಳಾಸವನ್ನು ಕಮಿಟ್ ಲಾಗ್‌ನಲ್ಲೋ ಪ್ಯಾಕೇಜಿನ ವಿವರದಲ್ಲೋ ಹುಡುಕಬೇಕು. ಪತ್ರ ಚಿಕ್ಕದಾಗಿರಲಿ, ಕೇಳುವುದು ಸ್ಪಷ್ಟವಾಗಿರಲಿ. ಹೀಗೆ ಬರೆದರೆ ಸಾಕು (ಫೋರ್ಕ್ ಎಂದರೆ ಮೂಲ ಕೋಡಿನಿಂದ ಕವಲೊಡೆದ ನಿಮ್ಮದೇ ಪ್ರತಿ):

“ನಮಸ್ಕಾರ ಸರ್. ನಿಮ್ಮ ಮಳೆ ಲೆಕ್ಕದ ಲೈಬ್ರರಿಯನ್ನು ನಾವು ಇಲ್ಲಿ ದಿನವೂ ಬಳಸುತ್ತೇವೆ. ಪೈಥಾನ್ 3.12ರಲ್ಲಿ ಅದು ಇನ್‌ಸ್ಟಾಲ್ ಆಗುತ್ತಿಲ್ಲ. ಸರಿಪಡಿಸಿದ ಪ್ರತಿ ನಮ್ಮ ಫೋರ್ಕ್‌ನಲ್ಲಿದೆ, ದಯವಿಟ್ಟು ಒಮ್ಮೆ ನೋಡಿ. ನಿಮಗೆ ಒಪ್ಪಿಗೆಯಿದ್ದರೆ ಮುಂದಿನ ನಿರ್ವಹಣೆಯನ್ನು ನಾವು ಮೂವರು ವಹಿಸಿಕೊಳ್ಳುತ್ತೇವೆ. ಮೊದಲಿಗೆ ಅಪ್‌ಲೋಡ್ ಮಾಡುವ ಅನುಮತಿ ಮಾತ್ರ ಕೊಟ್ಟರೂ ಆಯಿತು. ನಿಮ್ಮ ಹೆಸರು, ಲೈಸೆನ್ಸ್ ಎರಡೂ ಇದ್ದಂತೆಯೇ ಇರುತ್ತವೆ.”

ಇದರಲ್ಲಿ ಮುಖ್ಯ ಮಾತು ‘ಸರಿಪಡಿಸಿದ ಪ್ರತಿ ಇದೆ’ ಎನ್ನುವುದು. ಕೆಲಸ ತೋರಿಸದೆ ಅಧಿಕಾರ ಕೇಳುವ ಪತ್ರಕ್ಕೆ ಉತ್ತರ ಸಿಗುವುದು ಕಷ್ಟ. ‘ಯಾಕೆ ಕೈಬಿಟ್ಟಿರಿ?’ ಎಂದು ಕೇಳಲೇಬೇಡಿ. ಸಂಬಳವಿಲ್ಲದ ಕೆಲಸವನ್ನು ಬಿಟ್ಟದ್ದಕ್ಕೆ ಯಾರೂ ವಿವರಣೆ ಕೊಡಬೇಕಾಗಿಲ್ಲ.

ಉತ್ತರವೇ ಬರದಿದ್ದರೆ ಹಳೆಯ ಹೆಸರು ನಮಗೆ ಸಿಗುತ್ತದೆಯೇ?

ಒಂದೊಂದು ಕಡೆ ಒಂದೊಂದು ನಿಯಮ. ಪೈಥಾನ್ ಪ್ಯಾಕೇಜುಗಳು ಸಿಗುವ ಪೈಪಿಐ (PyPI) ಎಂಬ ಭಂಡಾರದಲ್ಲಿ ಇದಕ್ಕೆಂದೇ ಪೆಪ್ 541 (PEP 541) ಎಂಬ ದಸ್ತಾವೇಜಿದೆ. ಅದರ ಪ್ರಕಾರ ‘ಕೈಬಿಟ್ಟ ಪ್ರಾಜೆಕ್ಟ್’ ಅನಿಸಿಕೊಳ್ಳಲು ಮೂರೂ ಷರತ್ತು ಕೂಡಿಬರಬೇಕು: ಮಾಲೀಕರು ಸಂಪರ್ಕಕ್ಕೆ ಸಿಗಬಾರದು, ಹಿಂದಿನ 12 ತಿಂಗಳಲ್ಲಿ ಒಂದೂ ಬಿಡುಗಡೆ ಆಗಿರಬಾರದು, ಪ್ರಾಜೆಕ್ಟಿನ ಪುಟದಲ್ಲಿ ಮಾಲೀಕರ ಚಟುವಟಿಕೆ ಇರಬಾರದು. ಪೈಪಿಐ ನಿರ್ವಾಹಕರು ತಾವೇ ಕನಿಷ್ಠ ಮೂರು ಸಲ ಮಾಲೀಕರನ್ನು ಸಂಪರ್ಕಿಸಲು ಯತ್ನಿಸುತ್ತಾರೆ. ಆರು ವಾರ ಕಳೆದರೂ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸುತ್ತಾರೆ.

ಇಷ್ಟಾದರೂ ಹೆಸರು ತಾನಾಗಿ ನಿಮ್ಮ ಪಾಲಾಗುವುದಿಲ್ಲ. ನೀವೂ ಮಾಲೀಕರನ್ನು ಸಂಪರ್ಕಿಸಲು ಯತ್ನಿಸಿ ಸೋತಿದ್ದೀರಿ ಎಂಬುದಕ್ಕೆ ಪುರಾವೆ ಬೇಕು. ನಿಮ್ಮ ಫೋರ್ಕ್‌ನಲ್ಲಿ ಸುಧಾರಣೆ ಆಗಿರುವುದನ್ನು ತೋರಿಸಬೇಕು. ಬೇರೆ ಹೆಸರಿನಲ್ಲಿ ನಡೆಸಿದರೆ ಯಾಕೆ ಸಾಲದು ಎಂದೂ ವಿವರಿಸಬೇಕು. ಈ ಕೊನೆಯದರಲ್ಲಿ ಎಡವದಂತೆ ನೋಡಿಕೊಳ್ಳಿ. ‘ಹೆಸರು ಚೆನ್ನಾಗಿದೆ’ ಎನ್ನುವುದು ಕಾರಣವಲ್ಲ. ‘ಇಂಥಿಂಥ ಪ್ಯಾಕೇಜುಗಳು ಇದೇ ಹೆಸರನ್ನು ನೆಚ್ಚಿಕೊಂಡಿವೆ, ಹೊಸ ಪೈಥಾನಿನಲ್ಲಿ ಅವೆಲ್ಲ ಒಟ್ಟಿಗೆ ಮುರಿಯುತ್ತವೆ’ ಎನ್ನುವುದು ಕಾರಣ. ಅರ್ಜಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಅಷ್ಟರಲ್ಲಿ ಹೊಸ ಹೆಸರಲ್ಲಿ ಕೆಲಸ ಶುರುಮಾಡಿಬಿಡಿ.

ಆರ್ ಭಾಷೆಯ ಪ್ಯಾಕೇಜ್ ಭಂಡಾರ ಕ್ರ್ಯಾನ್‌ನಲ್ಲಿ ಮೇಂಟೇನರ್ ಜಾಗದಲ್ಲಿ ‘ಆರ್ಫನ್ಡ್’ (ಅನಾಥ) ಎಂದು ಬರೆದಿದ್ದರೆ ಯಾರು ಬೇಕಾದರೂ ಮುಂದೆ ಬರಬಹುದು. ಜಾವಾ ಭಾಷೆಯ ಭಂಡಾರ ಮಾವೆನ್ ಸೆಂಟ್ರಲ್‌ನಲ್ಲಿ ಹೆಸರು ಮಾಲೀಕರ ಡೊಮೈನಿಗೆ (ವೆಬ್ ವಿಳಾಸಕ್ಕೆ) ಅಂಟಿಕೊಂಡಿರುತ್ತದೆ, ಒಮ್ಮೆ ಪ್ರಕಟವಾದ ಆವೃತ್ತಿಯನ್ನು ಬದಲಿಸಲು ಬರುವುದಿಲ್ಲ. ‘ಈ ಲೈಬ್ರರಿ ಇನ್ನು ಇಂಥ ಹೆಸರಲ್ಲಿದೆ’ ಎಂಬ ರಿಲೊಕೇಶನ್ ಸೂಚನೆಯನ್ನು ಹಳೆಯ ಹೆಸರಿನಲ್ಲಿ ಹಾಕಬೇಕಾದವರೂ ಹಳೆಯ ಮಾಲೀಕರೇ. ಅವರು ಸಿಕ್ಕಿದ್ದೇ ಆದರೆ ಮೊದಲು ಅದನ್ನು ಮಾಡಿಸಿಕೊಳ್ಳಿ.

ಹಲವು ಓಪನ್ ಸೋರ್ಸ್ ಪ್ರಾಜೆಕ್ಟುಗಳನ್ನು ನಡೆಸುವ ಅಪಾಚೆ ಫೌಂಡೇಶನ್ನಿನ ದಾರಿಯೇ ಬೇರೆ. ನಿವೃತ್ತವಾದ ಪ್ರಾಜೆಕ್ಟುಗಳು 2008ರಿಂದ ‘ಆಟಿಕ್’ ಎಂಬಲ್ಲಿ ಓದಲಷ್ಟೇ ಬರುವಂತೆ ಉಳಿಯುತ್ತವೆ. ಕೋಡನ್ನು ಅಪಾಚೆ ಲೈಸೆನ್ಸ್ 2.0ರ ಪ್ರಕಾರ ಯಾರೂ ಫೋರ್ಕ್ ಮಾಡಬಹುದು, ಆದರೆ ‘ಅಪಾಚೆ’ ಎಂಬ ಹೆಸರು ಟ್ರೇಡ್‌ಮಾರ್ಕ್, ಅದು ಬರುವುದಿಲ್ಲ. ಫೌಂಡೇಶನ್ನಿನ ಒಳಗೇ ಮತ್ತೆ ನಡೆಸಬೇಕೆಂದರೆ ಸಮುದಾಯ ಕಟ್ಟಿ ತೋರಿಸಬೇಕು. ಅಲ್ಲಿ ಪ್ರತಿ ಬಿಡುಗಡೆಗೂ ಸಮಿತಿಯ ಕನಿಷ್ಠ ಮೂವರ ಒಪ್ಪಿಗೆ ಮತ ಬೇಕೇಬೇಕು, ಒಬ್ಬಂಟಿಯಿಂದ ಆಗುವ ಮಾತಲ್ಲ.

ಫೋರ್ಕ್ ಒಳ್ಳೆಯದೋ, ರೆಪೊಸಿಟರಿಯನ್ನೇ ವರ್ಗಾಯಿಸಿಕೊಳ್ಳುವುದೋ?

ಮಾಲೀಕರು ಒಪ್ಪಿದರೆ ವರ್ಗಾವಣೆಯೇ ಸರಿ. ಇಶ್ಯೂಗಳು, ಸ್ಟಾರ್‌ಗಳು, ಚರ್ಚೆಗಳು ಜೊತೆಗೇ ಬರುತ್ತವೆ, ಹಳೆಯ ಕೊಂಡಿ ಹೊಸದಕ್ಕೆ ತಿರುಗುತ್ತದೆ. ಎರಡು ವಿಷಯ ನೆನಪಿಡಿ. ವೈಯಕ್ತಿಕ ಖಾತೆಗೆ ಬರುವ ವರ್ಗಾವಣೆಯನ್ನು ಒಂದು ದಿನದೊಳಗೆ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕೋರಿಕೆ ರದ್ದಾಗುತ್ತದೆ. ಮತ್ತೆ, ಹಳೆಯ ಮಾಲೀಕರು ತಮ್ಮ ಖಾತೆಯಲ್ಲಿ ಅದೇ ಹೆಸರಿನ ಹೊಸ ರೆಪೊಸಿಟರಿ ಮಾಡಿದರೆ ಆ ತಿರುವು ಕೆಲಸ ಮಾಡುವುದಿಲ್ಲ. ‘ನೆನಪಿಗಿರಲಿ’ ಎಂದು ಒಂದು ಪ್ರತಿ ಇಟ್ಟುಕೊಳ್ಳಲು ಹೋದರೂ ಹೀಗಾಗಬಹುದು, ಮೊದಲೇ ಹೇಳಿಡಿ.

ಫೋರ್ಕ್‌ನಲ್ಲಿ ಕೋಡಿನ ಚರಿತ್ರೆ ಬರುತ್ತದೆ, ಇಶ್ಯೂಗಳು ಬರುವುದಿಲ್ಲ. ಇಶ್ಯೂ ವಿಭಾಗವೇ ಮುಚ್ಚಿರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹೋಗಿ ತೆರೆಯಬೇಕು. ಇದನ್ನು ಮರೆತು ‘ಯಾರೂ ದೂರು ಕೊಡುತ್ತಿಲ್ಲ, ಎಲ್ಲ ಸರಿಯಿದೆ’ ಎಂದು ಕೂತಿರುವ ಫೋರ್ಕ್‌ಗಳಿವೆ.

ಲೈಸೆನ್ಸ್ ಬದಲಿಸಬಹುದೇ?

ಬದಲಿಸಬೇಡಿ. ಎಂಐಟಿ, ಬಿಎಸ್‌ಡಿ ಎಂಬ ಸಡಿಲ ಲೈಸೆನ್ಸ್ ಇದ್ದರೆ ಹಳೆಯ ಕಾಪಿರೈಟ್ ಸಾಲನ್ನು ಹಾಗೇ ಉಳಿಸಿ ಕೆಳಗೆ ನಿಮ್ಮದನ್ನು ಸೇರಿಸಿ. ಹಳೆಯ ಕೋಡಿನ ಲೈಸೆನ್ಸನ್ನೇ ಬದಲಿಸಲು ಅದರಲ್ಲಿ ಕೋಡ್ ಬರೆದ ಪ್ರತಿಯೊಬ್ಬ ಹಕ್ಕುದಾರರ ಒಪ್ಪಿಗೆ ಬೇಕು. ಲೈಸೆನ್ಸ್ ಫೈಲೇ ಇಲ್ಲದಿದ್ದರೆ ಇನ್ನೂ ಕಷ್ಟ: ಕೋಡ್ ಕಣ್ಣಿಗೆ ಕಾಣುತ್ತದೆ ಎಂದಮಾತ್ರಕ್ಕೆ ಹಂಚುವ ಹಕ್ಕು ಬರುವುದಿಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ, ಹಕ್ಕು ಬರೆದವರ ಜೀವಿತಾವಧಿಯ ನಂತರವೂ 60 ವರ್ಷ ಇರುತ್ತದೆ. ಬರೆದವರ ಒಪ್ಪಿಗೆ ಸಿಗದಿದ್ದರೆ ಹೊಸದಾಗಿ ಬರೆಯುವುದೊಂದೇ ದಾರಿ.

ಕಂಪನಿಯ ಕೆಲಸದಲ್ಲಿರುವವರು ಇನ್ನೊಂದನ್ನೂ ನೋಡಿಕೊಳ್ಳಿ. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದು. ಮನೆಯಿಂದ ಕೆಲಸ ಮಾಡುವವರಿಗೆ ‘ನೌಕರಿಯ ಸಮಯ’, ‘ನನ್ನ ಸಮಯ’ ಎಂಬ ಗೆರೆಯೇ ಮಸುಕು. ಎಚ್‌ಆರ್‌ನಿಂದ ಇಮೇಲಿನಲ್ಲಿ ಒಂದು ಸಾಲಿನ ಅನುಮತಿ ತೆಗೆದಿಟ್ಟುಕೊಳ್ಳಿ.

ಕೋಡ್ ಸಿಕ್ಕಿತು. ಇನ್ನೇನು ವಹಿಸಿಕೊಳ್ಳಬೇಕು?

ಕೋಡ್ ಸುಲಭದ ಭಾಗ, ತೊಡಕು ಇರುವುದು ಕೀಲಿಗಳಲ್ಲಿ. ಪೈಪಿಐ ಖಾತೆಯ ಅನುಮತಿ, ಗಿಟ್‌ಹಬ್ ಅಡ್ಮಿನ್, ದಸ್ತಾವೇಜು ಇರುವ ತಾಣ, ಡೊಮೈನ್ ಇದ್ದರೆ ಅದರ ನವೀಕರಣ, ಭದ್ರತಾ ದೂರು ಬರುವ ಇಮೇಲ್ ಇವಿಷ್ಟನ್ನೂ ಪಟ್ಟಿ ಮಾಡಿ ಒಂದೊಂದಕ್ಕೂ ಕನಿಷ್ಠ ಇಬ್ಬರ ಹೆಸರು ಬರೆಯಿರಿ. ಪೈಪಿಐನಲ್ಲಿ ‘ಓನರ್’, ‘ಮೇಂಟೇನರ್’ ಎಂದು ಎರಡು ಪಾತ್ರ. ಮೇಂಟೇನರ್ ಬಿಡುಗಡೆ ಅಪ್‌ಲೋಡ್ ಮಾಡಬಹುದು, ಬೇರೆಯವರನ್ನು ಸೇರಿಸಲಾಗದು. ಕೊನೆಗೆ ನಿಮ್ಮಲ್ಲಿ ಇಬ್ಬರು ಓನರ್‌ಗಳು ಇರಲೇಬೇಕು.

ಹಳೆಯ ಟೋಕನ್‌ಗಳನ್ನೆಲ್ಲ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಸಂಕೇತಗಳನ್ನು) ರದ್ದು ಮಾಡಿಸಿ. ಡೊಮೈನ್ ವಿಷಯದಲ್ಲಿ ಸಡಿಲ ಬಿಡಬೇಡಿ. 2022ರ ಮೇ ತಿಂಗಳಲ್ಲಿ ಪೈಪಿಐನ ‘ಸಿಟಿಎಕ್ಸ್’ ಎಂಬ ಹಳೆಯ ಪ್ಯಾಕೇಜು ಕೈತಪ್ಪಿದ್ದು ಹೀಗೆಯೇ. ಮಾಲೀಕರ ಇಮೇಲ್ ಇದ್ದ ಡೊಮೈನಿನ ಅವಧಿ ಮುಗಿದಿತ್ತು. ಬೇರೊಬ್ಬರು ಅದನ್ನು ಕೊಂಡು ಪಾಸ್‌ವರ್ಡ್ ಬದಲಿಸಿಕೊಂಡರು. ಬಳಸುವವರ ಯಂತ್ರದಲ್ಲಿದ್ದ ಗುಪ್ತ ಕೀಲಿಗಳನ್ನು ಕದಿಯುವ ಕೋಡನ್ನು ಅದೇ ಹೆಸರಿನಲ್ಲಿ ಏರಿಸಿದರು.

ಬಳಸುವವರು ನಮ್ಮನ್ನು ಯಾಕೆ ನಂಬಬೇಕು?

ನಂಬದಿರಲು ಅವರಿಗೆ ಕಾರಣಗಳಿವೆ. 2018ರಲ್ಲಿ ಜಾವಾಸ್ಕ್ರಿಪ್ಟ್ ಭಂಡಾರ ಎನ್‌ಪಿಎಂನ ‘ಇವೆಂಟ್ ಸ್ಟ್ರೀಮ್’ ಲೈಬ್ರರಿಯನ್ನು ನೋಡಿಕೊಳ್ಳುತ್ತೇನೆಂದು ಮುಂದೆ ಬಂದ ಅಪರಿಚಿತರ ಕೈಗೆ ಅದು ಹೋಯಿತು. ಅದರೊಳಗೆ ಸೇರಿಸಿದ ಹೊಸ ಅವಲಂಬನೆಯೊಂದು (ಲೈಬ್ರರಿ ನೆಚ್ಚಿಕೊಳ್ಳುವ ಬೇರೆ ಪ್ಯಾಕೇಜು) ಬಿಟ್‌ಕಾಯಿನ್ ವಾಲೆಟ್ಟೊಂದನ್ನು ಗುರಿಮಾಡಿತ್ತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ಉಪಕರಣದ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾಯಿತು. ಅದನ್ನು ಇಟ್ಟವರು ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ್ದವರು. ದೂರದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಹಿಂಬಾಗಿಲನ್ನು ಜಾಗೃತಗೊಳಿಸುವ ತುಣುಕು ಕೋಡಿನ ಚರಿತ್ರೆ ಇಡುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಗೆ ಕಟ್ಟಿದ ಟಾರ್‌ಬಾಲ್ ಎಂಬ ಫೈಲಿನಲ್ಲಿ ಮಾತ್ರ ಇತ್ತು ಎಂಬುದು ಗಮನಿಸಬೇಕಾದ್ದು.

ಹಾಗಾಗಿ ನಿಮ್ಮ ಬಿಡುಗಡೆ ಯಾರದೋ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದಾಗಬಾರದು. ಗಿಟ್ ಟ್ಯಾಗ್‌ನಿಂದ (ಆವೃತ್ತಿಯ ಗುರುತಿನಿಂದ), ಸಾರ್ವಜನಿಕವಾಗಿ ಕಾಣುವ ಸಿಐನಲ್ಲಿ (ಕೋಡನ್ನು ತಾನಾಗಿ ಪರೀಕ್ಷಿಸಿ ಕಟ್ಟುವ ಸರ್ವರಿನಲ್ಲಿ) ಕಟ್ಟಿ, ಪೈಪಿಐನ ‘ಟ್ರಸ್ಟೆಡ್ ಪಬ್ಲಿಷಿಂಗ್’ ಮೂಲಕ ಏರಿಸಿ. ಇದರಲ್ಲಿ ಪಾಸ್‌ವರ್ಡ್ ಎಲ್ಲೂ ಇಡಬೇಕಿಲ್ಲ, 15 ನಿಮಿಷ ಮಾತ್ರ ಬದುಕುವ ಟೋಕನ್ ಆಗಲೇ ಹುಟ್ಟಿ ಆಗಲೇ ಸಾಯುತ್ತದೆ. ಮುಖ್ಯ ಶಾಖೆಗೆ ಸೇರುವ ಪ್ರತಿ ಬದಲಾವಣೆಯನ್ನೂ ಇನ್ನೊಬ್ಬರು ನೋಡಿರಬೇಕು ಎಂಬ ನಿಯಮವನ್ನು ಸೆಟ್ಟಿಂಗ್ಸ್‌ನಲ್ಲೇ ಹಾಕಿ. ಮೊದಲ ವರ್ಷ ಹೊಸ ಅವಲಂಬನೆ ಒಂದನ್ನೂ ಸೇರಿಸದಿದ್ದರೆ ಬಳಸುವವರಿಗೂ ನೆಮ್ಮದಿ.

ಹಳೆಯ ಕೋಡ್ ನಮ್ಮ ಯಂತ್ರದಲ್ಲಿ ಓಡುವುದೇ ಇಲ್ಲ. ಎಲ್ಲಿಂದ ಶುರು ಮಾಡುವುದು?

ಸರಿಪಡಿಸುವ ಮೊದಲು ಅದು ಓಡುತ್ತಿದ್ದ ಕಾಲವನ್ನು ಮತ್ತೆ ಕಟ್ಟಿಕೊಳ್ಳಿ. ಪ್ರೋಗ್ರಾಮನ್ನು ಪ್ರತ್ಯೇಕ ಪರಿಸರದಲ್ಲಿ ಓಡಿಸುವ ಡಾಕರ್‌ನಲ್ಲಿ ಆ ಕಾಲದ ಪೈಥಾನ್ ಇಮೇಜ್ ಎಳೆದುಕೊಳ್ಳಿ. ಅವಲಂಬನೆಗಳನ್ನೂ ಅಂದಿನ ಆವೃತ್ತಿಯಲ್ಲೇ ಹಾಕಬೇಕು. ಅದಕ್ಕೆ ಪ್ಯಾಕೇಜು ಹಾಕುವ ‘ಯುವಿ’ ಉಪಕರಣದಲ್ಲಿ ಒಂದು ತಾರೀಖಿನ ನಂತರ ಬಂದದ್ದನ್ನೆಲ್ಲ ಬಿಟ್ಟುಬಿಡುವ ‘ಎಕ್ಸ್‌ಕ್ಲೂಡ್ ನ್ಯೂಯರ್’ ಆಯ್ಕೆ ಇದೆ. ಕೊನೆಯ ಬಿಡುಗಡೆಯ ಮರುದಿನದ ತಾರೀಖು ಕೊಡಿ. ಅಲ್ಲಿ ಟೆಸ್ಟುಗಳು ಹಸಿರಾದ ಮೇಲೆ ಒಂದೊಂದೇ ಪೈಥಾನ್ ಆವೃತ್ತಿ ಮೇಲೆ ಹತ್ತಿ.

ಎಲ್ಲೆಲ್ಲಿ ಮುರಿಯುತ್ತದೆ ಎಂಬುದು ಬಹುಮಟ್ಟಿಗೆ ಗೊತ್ತಿರುವ ವಿಷಯ. ಪೈಥಾನ್ 3.10ರಲ್ಲಿ ‘ಕಲೆಕ್ಷನ್ಸ್’ ಮಾಡ್ಯೂಲಿನಿಂದ ‘ಮ್ಯಾಪಿಂಗ್’ ಮುಂತಾದವನ್ನು ನೇರವಾಗಿ ಆಮದು ಮಾಡುವುದು ನಿಂತಿತು. 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’, ‘ಇಂಪ್’ ಎರಡೂ ಹೋದವು, ಹಳೆಯ ಸೆಟಪ್ ಫೈಲುಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಗಣಿತದ ನಂಪೈ ಲೈಬ್ರರಿ ಬಳಸಿದ್ದರೆ ಅದರ 1.24ರಲ್ಲಿ ‘ಎನ್‌ಪಿ ಫ್ಲೋಟ್’ ಎಂಬ ಹಳೆಯ ಹೆಸರು ಹೋಗಿದೆ. ಹಳೆಯ ಸಿಐ ಟ್ರಾವಿಸ್ ಎಂಬ ಸೇವೆಯಲ್ಲಿ ಇದ್ದಿದ್ದರೆ ಅದನ್ನು ರಿಪೇರಿ ಮಾಡುವ ಗೋಜಿಗೆ ಹೋಗದೆ ಹೊಸದಾಗಿ ಬರೆಯಿರಿ.

ಲೆಕ್ಕದಲ್ಲೇ ತಪ್ಪು ಕಾಣುತ್ತಿದೆ. ತಕ್ಷಣ ತಿದ್ದಬಹುದಲ್ಲ?

ತಿದ್ದಬೇಡಿ. ಹೊಸ ಮೇಂಟೇನರ್‌ಗಳು ಬಳಕೆದಾರರನ್ನು ಕಳೆದುಕೊಳ್ಳುವುದು ಇಲ್ಲೇ, ಅದಕ್ಕಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಮಳೆ ಲೈಬ್ರರಿ ಪ್ರತಿದಿನದ ಸೆಂಟನ್ನು ಮಿಲಿಮೀಟರ್ ಮಾಡಿ, ಒಂದು ದಶಾಂಶಕ್ಕೆ ದುಂಡು ಮಾಡಿ, ಆಮೇಲೆ ಕೂಡಿಸುತ್ತದೆ ಎಂದುಕೊಳ್ಳಿ. ಒಂದು ಸೆಂಟ್ ಅಂದರೆ 0.254 ಮಿಲಿಮೀಟರ್, ದುಂಡು ಮಾಡಿದರೆ 0.3. ಮೊದಲು ಕೂಡಿಸಿ ಆಮೇಲೆ ದುಂಡು ಮಾಡುವುದು ಸರಿಯಾದ ಕ್ರಮ. ದಿನಕ್ಕೆ ಹೆಚ್ಚೆಂದರೆ 0.05 ಮಿಲಿಮೀಟರ್ ವ್ಯತ್ಯಾಸ. ಆದರೆ ಮಳೆ ಬಿದ್ದ ದಿನಗಳು 150 ಇದ್ದರೆ ವರ್ಷದ ಮೊತ್ತ 7.5 ಮಿಲಿಮೀಟರ್‌ವರೆಗೆ, ಅಂದರೆ ಸುಮಾರು 30 ಸೆಂಟ್, ಆಚೀಚೆಯಾಗಬಹುದು. ನೀವು ಸದ್ದಿಲ್ಲದೆ ತಿದ್ದಿದ ಮರುದಿನ ಹತ್ತು ವರ್ಷದ ಹಳೆಯ ವರದಿಗಳೂ ಹೊಸ ವರದಿಯೂ ತಾಳೆಯಾಗುವುದಿಲ್ಲ. ಬಳಸುವವರ ಕಣ್ಣಲ್ಲಿ ಕೆಟ್ಟದ್ದು ನಿಮ್ಮ ಆವೃತ್ತಿ.

ಪೈಥಾನ್ 2ರ ಕಾಲದ ಕೋಡಾದರೆ ನೀವು ಮುಟ್ಟದಿದ್ದರೂ ಉತ್ತರ ಬದಲಾಗುತ್ತದೆ. ಅಲ್ಲಿ 235ನ್ನು 100ರಿಂದ ಭಾಗಿಸಿದರೆ 2, ಪೈಥಾನ್ 3ರಲ್ಲಿ 2.35. ಅಲ್ಲಿ 2.5ನ್ನು ದುಂಡು ಮಾಡಿದರೆ 3, ಇಲ್ಲಿ 2, ಏಕೆಂದರೆ ಸರಿಯಾಗಿ ಅರ್ಧ ಬಂದಾಗ ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ.

ದಾರಿ ಇದು. ಹಳೆಯ ಡಾಕರ್ ಪರಿಸರದಲ್ಲಿ ನಿಜವಾದ ಮಳೆ ದಾಖಲೆಗಳನ್ನು ಓಡಿಸಿ ಬಂದ ಉತ್ತರಗಳನ್ನು, ಸರಿಯೋ ತಪ್ಪೋ ನೋಡದೆ, ಫೈಲಿಗೆ ಬರೆದಿಡಿ. ಹೊಸ ಕೋಡಿನ ಉತ್ತರವನ್ನು ಅದಕ್ಕೆ ಹೋಲಿಸುವ ಟೆಸ್ಟ್ ಬರೆಯಿರಿ. ಖಾಲಿ ಬಿಟ್ಟ ದಿನ ಸೊನ್ನೆಯಾಗುತ್ತದೆಯೋ, ದಾಖಲೆಯೇ ಇಲ್ಲವೆಂದಾಗುತ್ತದೆಯೋ? ‘2.5’ ಎಂದು ಬರೆದದ್ದು ಎರಡು ಇಂಚು ಐದು ಸೆಂಟೋ, ಐವತ್ತು ಸೆಂಟೋ? ಇಂಥವೆಲ್ಲ ಟೆಸ್ಟಿನಲ್ಲಿ ಸೇರಬೇಕು. ತಿದ್ದುಪಡಿಯನ್ನು ಮೊದಲು ಐಚ್ಛಿಕ ಆರ್ಗ್ಯುಮೆಂಟ್ ಆಗಿ ಕೊಡಿ, ಎಚ್ಚರಿಕೆ ತೋರಿಸಿ, 2.0ದಲ್ಲಿ ಅದನ್ನೇ ಸಾಮಾನ್ಯ ವರ್ತನೆ ಮಾಡಿ. ಎಚ್ಚರಿಕೆಗೆ ‘ಡೆಪ್ರಿಕೇಶನ್ ವಾರ್ನಿಂಗ್’ ಬಳಸಿದರೆ ಬೇರೆ ಪ್ಯಾಕೇಜಿನ ಒಳಗಿಂದ ಕರೆದಾಗ ಪೈಥಾನ್ ಅದನ್ನು ಮರೆಮಾಡುತ್ತದೆ. ಕಣ್ಣಿಗೆ ಬೀಳಬೇಕಾದರೆ ‘ಫ್ಯೂಚರ್ ವಾರ್ನಿಂಗ್’.

ಕನ್ನಡದಲ್ಲಿ ಬರೆದ ದಾಖಲೆಗಳು ಓದಲು ಬರುತ್ತಿಲ್ಲ, ಯಾಕೆ?

ಹಳೆಯ ಕೋಡ್ ಫೈಲು ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಬಗೆ) ಹೇಳಿರುವುದಿಲ್ಲ. ಲಿನಕ್ಸ್‌ನಲ್ಲಿ ಓಡಿದ್ದು ವಿಂಡೋಸ್‌ನಲ್ಲಿ ಬೀಳುವುದು ಇದರಿಂದ. ಯುಟಿಎಫ್-8 ಎಂದು ಎಲ್ಲೆಡೆ ಸ್ಪಷ್ಟವಾಗಿ ಬರೆಯಿರಿ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯುವವರಿದ್ದರೆ ಬರೆಯುವಾಗ ‘ಯುಟಿಎಫ್-8-ಸಿಗ್’ ಬೇಕು.

ತಿಂಗಳ ಹೆಸರುಗಳ ಹೋಲಿಕೆ ಇನ್ನೊಂದು ಬಲೆ. ‘ಅಕ್ಟೋಬರ್’ ಪದದ ‘ಟೋ’ವನ್ನು ಒಂದೇ ಸ್ವರಚಿಹ್ನೆಯಾಗಿಯೂ ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಆದರೆ ‘ಮಾರ್ಚ್’ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಸೇರಿಸುವ ಕಾಣದ ಜೋಡಣೆ-ತಡೆ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಹೋಲಿಸುವ ಮೊದಲು ನೀವೇ ಕಿತ್ತುಹಾಕಬೇಕು. ಕನ್ನಡ ಅಂಕಿಗಳ ಬಗ್ಗೆ ಅಷ್ಟು ಚಿಂತೆಯಿಲ್ಲ: ‘೨೩’ ಕೊಟ್ಟರೆ ಪೈಥಾನಿನ ‘ಇಂಟ್’ 23 ಎಂದೇ ಓದುತ್ತದೆ. ರೆಜೆಕ್ಸ್‌ನಲ್ಲಿ (ಪಠ್ಯ ಹುಡುಕುವ ಮಾದರಿಯಲ್ಲಿ) ಸೊನ್ನೆಯಿಂದ ಒಂಬತ್ತು ಎಂದು ಇಂಗ್ಲಿಷ್ ಅಂಕಿಗಳನ್ನೇ ಬರೆದಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ.

ಮೊದಲ ಬಿಡುಗಡೆಯಲ್ಲಿ ಏನಿರಬೇಕು?

ಆದಷ್ಟು ಕಡಿಮೆ. ಹಳೆಯದು 1.4.2 ಆಗಿದ್ದರೆ 1.4.3ರಲ್ಲಿ ಹೊಸ ಮೇಂಟೇನರ್‌ಗಳ ಹೆಸರು, ಹೊಸ ಕೊಂಡಿಗಳು, ಇನ್‌ಸ್ಟಾಲ್ ಆಗಲು ಬೇಕಾದ ಬದಲಾವಣೆ ಇಷ್ಟೇ. ಕೀಲಿಗಳೆಲ್ಲ ಸರಿಯಾಗಿ ತಿರುಗುತ್ತವೆಯೇ ಎಂದು ನೋಡಲು ಈ ಬಿಡುಗಡೆ. ಮೊದಲು ಪ್ರಯೋಗಕ್ಕಿರುವ ಟೆಸ್ಟ್ ಪೈಪಿಐಗೆ, ಆಮೇಲೆ ನಿಜವಾದ ಪೈಪಿಐಗೆ ‘ಆರ್‌ಸಿ1’ ಎಂದು ಏರಿಸಿ. ಪ್ಯಾಕೇಜು ಇಳಿಸಿ ಹಾಕುವ ಪಿಪ್ ಇಂಥ ಪೂರ್ವ ಬಿಡುಗಡೆಯನ್ನು ಕೇಳದೆ ಹಾಕಿಕೊಳ್ಳುವುದಿಲ್ಲ, ಪರೀಕ್ಷಿಸಲು ಒಪ್ಪಿದವರಿಗೆ ಮಾತ್ರ ಸಿಗುತ್ತದೆ. ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಅಳಿಸಿದರೂ ಮತ್ತೆ ಬಳಸಲು ಬರುವುದಿಲ್ಲ ಎಂಬುದು ನೆನಪಿರಲಿ.

ಯಾವ ಪೈಥಾನ್ ಆವೃತ್ತಿ ಬೇಕೆಂದು ಹೇಳುವ ‘ರಿಕ್ವೈರ್ಸ್ ಪೈಥಾನ್’ ಸಾಲನ್ನು ಮರೆತರೆ ದೊಡ್ಡ ಪೇಚು. 1.5.0ದಲ್ಲಿ ಪೈಥಾನ್ 3.9ಕ್ಕಿಂತ ಹಳೆಯದನ್ನು ಕೈಬಿಟ್ಟು, ಆ ಸಾಲು ಬರೆಯದೆ ಬಿಟ್ಟರೆ, 3.6ರಲ್ಲಿರುವವರಿಗೂ ಪಿಪ್ ಅದನ್ನೇ ಹಾಕುತ್ತದೆ, ಅವರ ಕೆಲಸ ನಿಲ್ಲುತ್ತದೆ. 1.5.1ರಲ್ಲಿ ಸಾಲು ಸೇರಿಸಿದರೂ ಪರಿಹಾರವಲ್ಲ: ಪಿಪ್ 1.5.1ನ್ನು ಬಿಟ್ಟು ಹಿಂದಿನ, ಸಾಲಿಲ್ಲದ 1.5.0ಕ್ಕೇ ಹೋಗುತ್ತದೆ. 1.5.0ನ್ನು ‘ಯ್ಯಾಂಕ್’ ಮಾಡಿದಾಗಲೇ (ಅಳಿಸದೆ, ಹೊಸದಾಗಿ ಹಾಕಿಕೊಳ್ಳದಂತೆ ಗುರುತಿಟ್ಟಾಗಲೇ) ಅವರಿಗೆ 1.4.3 ಸಿಗುವುದು.

ಇನ್ನೂರು ಹಳೆಯ ಇಶ್ಯೂಗಳಿವೆ. ಎಲ್ಲ ಮುಚ್ಚಿಬಿಡೋಣವೇ?

ತಾನಾಗಿ ಕೆಲಸ ಮಾಡುವ ಬಾಟ್‌ನಿಂದ ಒಟ್ಟಿಗೆ ಮುಚ್ಚಿಸಿದರೆ ಸಿಗಬೇಕಾದ ಸಹಾಯಗಾರರೂ ದೂರವಾಗುತ್ತಾರೆ. ಮೊದಲು ಭದ್ರತೆ, ನಂತರ ತಪ್ಪು ಲೆಕ್ಕ, ನಂತರ ಇನ್‌ಸ್ಟಾಲ್ ತೊಂದರೆ. ಉಳಿದದ್ದು ಕಾಯಲಿ. ಆರ್ಕೈವ್ ಆದ ರೆಪೊಸಿಟರಿಯ ಪುಲ್ ರಿಕ್ವೆಸ್ಟ್‌ಗಳನ್ನೂ (ಬೇರೆಯವರು ಕಳಿಸಿದ ತಿದ್ದುಪಡಿಗಳನ್ನೂ) ಅವುಗಳ ಸಂಖ್ಯೆ ಕೊಟ್ಟು ಗಿಟ್‌ನಿಂದ ಎಳೆದುಕೊಳ್ಳಬಹುದು. ಬೇಕಾದ ಕಮಿಟ್ ಮಾತ್ರ ಆರಿಸಿ ಸೇರಿಸುವ ‘ಚೆರ್ರಿ ಪಿಕ್’ ಮಾಡಿದರೆ ಬರೆದವರ ಹೆಸರು ಕಮಿಟ್‌ನಲ್ಲೇ ಉಳಿಯುತ್ತದೆ. ನಾಲ್ಕು ವರ್ಷ ಹಿಂದೆ ಕಳಿಸಿದ್ದು ಈಗ ಸೇರಿತು ಎಂದು ಅವರಿಗೊಂದು ಸಾಲು ಬರೆಯಿರಿ. ಮೂರನೇ ಮೇಂಟೇನರ್ ಸಿಗುವುದು ಹೆಚ್ಚಾಗಿ ಇವರಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ನೆಚ್ಚುವಂತಿಲ್ಲ. ನಡೆಸಲಾದೀತೇ?

ಆದೀತು, ತಯಾರಿ ಬೇಕು. ಮರ ಬಿದ್ದು ಲೈನ್ ಹೋದರೆ ಭಾಗಮಂಡಲ, ನಾಪೋಕ್ಲು ಕಡೆ ದಿನಗಟ್ಟಲೆ ಕತ್ತಲು. ಗಿಟ್‌ಗೆ ಇದೇನೂ ದೊಡ್ಡದಲ್ಲ, ಇಡೀ ಚರಿತ್ರೆ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಇನ್ನೊಬ್ಬರಿಗೆ ತಲುಪಿಸಲು ‘ಗಿಟ್ ಬಂಡಲ್’ ಎಂಬ ಆಜ್ಞೆ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟುತ್ತದೆ. ಪೆನ್ ಡ್ರೈವಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದರೂ ಆಯಿತು. ಇಶ್ಯೂಗಳು ಅದರಲ್ಲಿ ಇರುವುದಿಲ್ಲ. ಟೆಸ್ಟಿಗೆ ಬೇಕಾದ ಪ್ಯಾಕೇಜುಗಳನ್ನು ಮೇ ತಿಂಗಳಲ್ಲೇ ‘ಪಿಪ್ ಡೌನ್‌ಲೋಡ್’ ಮಾಡಿ ಒಂದು ಫೋಲ್ಡರಿನಲ್ಲಿಡಿ. ವಿಂಡೋಸ್‌ನಲ್ಲಿ ಇಳಿಸಿಕೊಂಡ ವೀಲ್ ಎಂಬ ಪ್ಯಾಕೇಜ್ ಫೈಲುಗಳಲ್ಲಿ ಹಲವು ಲಿನಕ್ಸ್‌ಗೆ ಆಗುವುದಿಲ್ಲ, ಪೈಥಾನ್ ಆವೃತ್ತಿ ಬೇರೆಯಾದರೂ ಕೈಕೊಡಬಹುದು.

ಎರಡನೇ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ನೆಚ್ಚಬೇಡಿ. ಆ್ಯಪ್‌ನಲ್ಲಿ ಬರುವ ಆರಂಕಿ ಕೋಡ್‌ಗೆ ಸಿಗ್ನಲ್ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ರಿಕವರಿ ಕೋಡ್‌ಗಳನ್ನು ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ. ಬರೀ ಕಾಗದವಾದರೆ ಮಳೆಗಾಲದ ಆಟಿ ತಿಂಗಳ ಥಂಡಿಗೆ ಬೂಷ್ಟು ಹಿಡಿದು ಓದಲು ಬಾರದಾಗುತ್ತದೆ. ಬಿಡುಗಡೆ ಸಿಐನಲ್ಲಿ ನಡೆಯುವುದರಿಂದ ಟ್ಯಾಗ್ ತಳ್ಳಿದ ಮರುಕ್ಷಣ ಮನೆಯಲ್ಲಿ ಕರೆಂಟ್ ಹೋದರೂ ಅದು ಅರ್ಧಕ್ಕೆ ನಿಲ್ಲುವುದಿಲ್ಲ. ಆದರೆ ಕೆಟ್ಟ ಬಿಡುಗಡೆಯನ್ನು ಯ್ಯಾಂಕ್ ಮಾಡಲು ಯಾರಾದರೂ ಆನ್‌ಲೈನ್ ಇರಬೇಕಲ್ಲ? ಓನರ್‌ಗಳಲ್ಲಿ ಒಬ್ಬರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲಿ.

ಎಷ್ಟು ಜನ ಬೇಕು? ಕಾಫಿ ಕೊಯ್ಲಿನ ಸಮಯದಲ್ಲಿ ಯಾರೂ ಸಿಗುವುದಿಲ್ಲ.

ಮೂವರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬೇಕು, ಮೂರನೆಯವರು ರಜೆಯಲ್ಲಿರಬಹುದು. ಹುತ್ತರಿ ಹಬ್ಬದಿಂದ ಫೆಬ್ರವರಿವರೆಗೆ ‘ಭದ್ರತಾ ತಿದ್ದುಪಡಿ ಮಾತ್ರ’ ಎಂದು ಪರಿಚಯದ ಫೈಲಾದ ರೀಡ್‌ಮಿಯಲ್ಲಿ ಬರೆದುಬಿಡಿ. ಭದ್ರತಾ ದೂರು ತಲುಪಿತು ಎಂದು ತಿಳಿಸಲು ಏಳು ದಿನ ಎಂದು ಬರೆದು ಮೂರು ದಿನದಲ್ಲಿ ಉತ್ತರಿಸುವುದು, ಒಂದು ದಿನ ಎಂದು ಬರೆದು ತಪ್ಪಿಸುವುದಕ್ಕಿಂತ ಮೇಲು.

ದುಡ್ಡು?

ಸಣ್ಣ ಲೈಬ್ರರಿಗೆ ಹೆಚ್ಚು ನಿರೀಕ್ಷಿಸಬೇಡಿ. ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಶುರುಮಾಡಿದ ‘ಫ್ಲಾಸ್ ಫಂಡ್’ ವರ್ಷಕ್ಕೆ 10 ಲಕ್ಷ ಡಾಲರ್ ಹಂಚುತ್ತದೆ, ಒಂದು ಪ್ರಾಜೆಕ್ಟಿಗೆ 10 ಸಾವಿರದಿಂದ 1 ಲಕ್ಷ ಡಾಲರ್‌ವರೆಗೆ. ಅದಕ್ಕೆ ರೆಪೊಸಿಟರಿಯಲ್ಲಿ ‘ಫಂಡಿಂಗ್ ಜೇಸನ್’ ಫೈಲ್ ಇಟ್ಟು ಅರ್ಜಿ ಹಾಕಬೇಕು. ಆದರೆ ಅವರು ನೋಡುವುದು ವ್ಯಾಪಕ ಬಳಕೆಯಲ್ಲಿರುವ ಪ್ರಾಜೆಕ್ಟುಗಳನ್ನು. ಡೊಮೈನಿನ ವಾರ್ಷಿಕ ಶುಲ್ಕವನ್ನು ಮೂವರು ಹಂಚಿಕೊಂಡು ಕಟ್ಟುವ ಮಟ್ಟದಲ್ಲಿ ಯೋಚಿಸುವುದು ವಾಸಿ.

ಒಂದು ವರ್ಷ ನಡೆಸಿ ನಮಗೂ ಆಗದಿದ್ದರೆ?

ಸದ್ದಿಲ್ಲದೆ ಮಾಯವಾಗಬೇಡಿ. ಕೊನೆಯದಾಗಿ ಒಂದು ಬಿಡುಗಡೆ ಮಾಡಿ, ಯಾವ ಪೈಥಾನ್ ಆವೃತ್ತಿಯವರೆಗೆ ಪರೀಕ್ಷಿಸಿದ್ದೀರಿ, ಗೊತ್ತಿರುವ ದೋಷಗಳೇನು, ಬದಲಿ ಲೈಬ್ರರಿ ಇದ್ದರೆ ಯಾವುದು ಎಂದು ರೀಡ್‌ಮಿಯ ಮೊದಲ ಸಾಲುಗಳಲ್ಲೇ ಬರೆಯಿರಿ. ತೆರೆದ ಇಶ್ಯೂಗಳಿಗೆ ಉತ್ತರ ಬರೆದು ಆಮೇಲೆ ಆರ್ಕೈವ್ ಮಾಡಿ, ಮೊದಲೇ ಮಾಡಿದರೆ ಬರೆಯಲು ಬರುವುದಿಲ್ಲ. ಪೈಪಿಐನಲ್ಲೂ ಆರ್ಕೈವ್ ಗುರುತು ಹಾಕಿ. ಟೋಕನ್, ಸಿಐ ಅನುಮತಿ ಎಲ್ಲ ರದ್ದು ಮಾಡಿ. ಓನರ್ ಖಾತೆಗಳನ್ನು ಮಾತ್ರ ಅಳಿಸಬೇಡಿ, ಅವುಗಳ ಇಮೇಲನ್ನು ಅವಧಿ ಮುಗಿಯದ ವಿಳಾಸಕ್ಕೆ ಬದಲಿಸಿ. ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಅವರ ಪತ್ರ ತಲುಪುವುದು ಅಲ್ಲಿಗೇ.